ವಾಲಿದ ಮರದ ಕಟ್ಟಿಗೆ

ಗದಗ-ಬೆಟಗೇರಿಯಿಂದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಡೆಗೆ ಹೋಗುವ ದಾರಿಗಳಲ್ಲಿ, ಗಾಳಿಯ ಹೊಡೆತಕ್ಕೋ ಮಣ್ಣಿನ ಕುಸಿತಕ್ಕೋ ವಾಲಿ ನಿಂತ ಮರಗಳನ್ನು ವಾಚಕರು ನೋಡಿಯೇ ಇರುವರು. ಇಂಥ ಮರವು ಬೀಳದೆ ವರ್ಷಾನುವರ್ಷ ನಿಲ್ಲುವದು ಹೇಗೆ? ಕಡಿದು ತಂದರೆ ಅದರ ಕಟ್ಟಿಗೆಯು ಮನೆಗೆಲಸಕ್ಕೆ ಒದಗೀತೇ? ಈ ಎರಡು ಪ್ರಶ್ನೆಗಳಿಗೂ ಉತ್ತರವು ಒಂದೇ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಕೇಳುವದುಂಟು. ಆದರೆ ಬೆಳೆದ ಮರವೂ ತನ್ನನ್ನು ತಾನೇ ಅಷ್ಟಿಷ್ಟು ತಿದ್ದಿಕೊಳ್ಳಬಲ್ಲದು. ಅಗಲ ಎಲೆಯ ಮರಗಳಲ್ಲಿ ಅನೇಕವು, ವಿಶೇಷವಾಗಿ ನೀಲಗಿರಿಯು, ವಾಲಿದ ಕಾಂಡದ ಮೇಲ್ಬದಿಗೆ ಬೇರೆ ತರದ ಕಟ್ಟಿಗೆಯನ್ನು ಬೆಳೆಸುತ್ತವೆ. ಇದನ್ನು ಸೆಳೆತದ ಕಟ್ಟಿಗೆ ಎನ್ನೋಣ. ಇದರ ಎಳೆಗಳಲ್ಲಿ ಸೆಲ್ಯುಲೋಸ್ ಎಂಬ ನಾರಿನಂಶವು ಹೆಚ್ಚು. ಗಡಸುತನ ಕೊಡುವ ಲಿಗ್ನಿನ್ ಕಡಿಮೆ. ಎಳೆಗಳು ಬಲಿಯುತ್ತ ಕುಗ್ಗಲೆಳಸಿ, ಬಿಗಿದ ಹಗ್ಗದಂತೆ ಕಾಂಡವನ್ನು ಮೇಲಕ್ಕೆ ಜಗ್ಗುತ್ತವೆ. ಹಿಮಾಲಯದ ದೇವದಾರು, ಪೈನ್ ಮರಗಳ ರೀತಿಯು ಇದಕ್ಕೆ ವಿಪರೀತವಾದದ್ದು. ಅವು ಕೆಳಬದಿಗೆ ಲಿಗ್ನಿನ್ ಹೆಚ್ಚಾದ ಕಂದುಬಣ್ಣದ ಕಟ್ಟಿಗೆಯನ್ನು ಬೆಳೆಸಿ ಕಾಂಡವನ್ನು ಒತ್ತಿ ಎತ್ತುತ್ತವೆ.

ಮರವನ್ನು ಕಾಯ್ದ ಈ ಗುಣವೇ ಬಡಿಗನಿಗೆ ತೊಡಕಾಗುತ್ತದೆ. ಸೆಳೆತದ ಕಟ್ಟಿಗೆಯು ಜಗ್ಗಿದರೆ ಚೆನ್ನಾಗಿ ತಾಳುತ್ತದೆ. ಉದ್ದಕ್ಕೆ ಅದುಮಿದರೆ ತನ್ನ ತೂಕಕ್ಕೆ ತಕ್ಕ ಬಲ ತೋರದು. ಆದದರಿಂದ ಕಂಬಕ್ಕೆ ಅದು ಸಲ್ಲದು. ನೂರು ಅಂಗುಲದ ಸಾಮಾನ್ಯ ಹಲಗೆಯು ಒಣಗುವಾಗ ಉದ್ದದಲ್ಲಿ ಕಾಲು ಅಂಗುಲವೂ ಕುಗ್ಗದು. ಸೆಳೆತದ ಕಟ್ಟಿಗೆಯಾದರೆ ಒಂದು ಅಂಗುಲದವರೆಗೂ ಕುಗ್ಗಬಹುದು. ಎರಡೂ ಒಂದೇ ತುಂಡಿನಲ್ಲಿ ಕೂಡಿದ್ದರೆ ಆ ತುಂಡು ಬಾಗದೆ ಇರದು. ನೇಕಾರರ ಊರಾದ ಬೆಟಗೇರಿಯವರಿಗೆ, ಮಗ್ಗದಲ್ಲಿ ಬಟ್ಟೆ ಸುತ್ತುವ ದಿಂಡು ಬಾಗಿದರೆ ಏನಾಗುವದೆಂದು ಹೇಳಬೇಕಾಗಿಲ್ಲ.

ಅಂಟಿನ ಕೆಲಸದಲ್ಲಿಯೂ ತೊಂದರೆಯುಂಟು. ರಂದಾ ಹೊಡೆದರೆ ಇದರ ಮೈ ನುಣುಪಾಗದೆ ಉಣ್ಣೆಯಂತೆ ಎಳೆ ಏಳುತ್ತದೆ. ಎರಡು ಹಲಗೆಗಳು ಒಂದಕ್ಕೊಂದು ಒತ್ತಿ ಕೂತಾಗಲೇ ಅಂಟು ಹಿಡಿಯುವದು. ಎದ್ದ ಎಳೆಗಳು ಅವನ್ನು ಕೂಡಗೊಡವು. ಅಂಟು ಹಿಡಿದರೂ ಸಡಿಲಾದ ಎಳೆಯನ್ನು ಹಿಡಿದೀತೇ ಹೊರತು ಗಟ್ಟಿ ಕಟ್ಟಿಗೆಯನ್ನಲ್ಲ. ಮೇಲಾಗಿ, ಮಳೆಗಾಲ ಬೇಸಿಗೆಗಳಲ್ಲಿ ಒಂದು ಹಲಗೆ ಹೆಚ್ಚು, ಇನ್ನೊಂದು ಕಡಿಮೆ ಹಿಗ್ಗಿ ಕುಗ್ಗಿ ಬೆಸುಗೆಯನ್ನು ಹರಿಯುತ್ತವೆ. ಕಟ್ಟಿಗೆಯನ್ನು ಪೂರ್ಣ ಒಣಗಿಸಿ, ಹರಿತವಾದ ಅಲಗಿನಿಂದ ಕೆತ್ತಿ, ಕೂಡಲೇ ಅಂಟಿಸುವದು ಒಂದು ಉಪಾಯ. ಆ ಭಾಗವನ್ನೇ ಕೊಯ್ದು ತೆಗೆಯುವದು ಇನ್ನೂ ಲೇಸು.

ಕೊಳ್ಳುವವರು ದಿಮ್ಮಿಯ ಕೊಯ್ದ ತುದಿಯನ್ನು ನೋಡಬೇಕು. ತಿರುಳು ನಡುವೆ ಇರದೆ ಒಂದು ಬದಿಗೆ ಸರಿದಿದ್ದರೆ, ಕೊಯ್ದ ಮೈ ಉಣ್ಣೆಯಂತಿದ್ದರೆ, ಸಂಶಯಪಡಬೇಕು. ಅಂಗಳದಲ್ಲಿ ಸಸಿ ನೆಡುವ ತಾಯಂದಿರಾದರೋ, ಎಳೆಯದರಲ್ಲಿಯೇ ಒಂದು ಊರುಗೋಲು ಕೊಟ್ಟು ನೆಟ್ಟಗೆ ನಿಲ್ಲಿಸಲಿ. ಸೃಷ್ಟಿಕರ್ತನು ಮರಕ್ಕೆ ಏಳುವ ಶಕ್ತಿಯನ್ನು ಕೊಟ್ಟಿರುವನು ನಿಜ. ಬೀಳದಂತೆ ಆತುಕೊಳ್ಳುವ ಕೆಲಸವು ನಮ್ಮದು.