ಲಾರಿ ಬೇಗ ಬಂದರೆ ಬೇಳೆ ಬೇಗ ಆದೀತೆ?

ಆಳಂದ, ಅಫಜಲಪುರ, ಜೇವರ್ಗಿಯ ತೊಗರಿಯನ್ನು ಎತ್ತಿನ ಗಾಡಿಯ ಬದಲು ಲಾರಿಯಲ್ಲಿ ಸಾಗಿಸಿದರೆ ಕಲಬುರಗಿಯ ದಾಲ್ ಮಿಲ್ಲಿಗೆ ಬೇಗ ತಲುಪುತ್ತದೆ. ಆದರೆ ಬೇಳೆಯಾಗಲು ಅದು ನೆನೆಯಬೇಕು, ಒಣಗಬೇಕು, ಒಡೆಯಬೇಕು. ವಿಡಿಯೋ ಗೇಮಿನದೂ ಇದೇ ಕತೆ.

ಪರದೆಯ ಮೇಲೆ 'ಲೋಡಿಂಗ್' ಎಂದು ಕಾಣುವಾಗ ಚಿತ್ರ, ಶಬ್ದಗಳ ಮಾಹಿತಿ ಡಿಸ್ಕಿನಿಂದ ಮೆಮೊರಿಗೆ ಸಾಗುತ್ತಿರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ತೋಳೊಂದು ಓಡಾಡಿ ಅದನ್ನು ಹುಡುಕಬೇಕು. ಸೆಕೆಂಡಿಗೆ 100ರಿಂದ 200 ಮೆಗಾಬೈಟ್ ಸಿಕ್ಕೀತು. ಚಲಿಸುವ ಭಾಗಗಳೇ ಇಲ್ಲದ ಸಾಮಾನ್ಯ ಎಸ್‌ಎಸ್‌ಡಿ ಸುಮಾರು 500 ಕೊಡುತ್ತದೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರದು 5,500!

ಹಾಗಾದರೆ ಕಾಯುವುದು ತಪ್ಪಿತೆ? ಪೂರ್ತಿ ಇಲ್ಲ. ಬಂದ ಮಾಹಿತಿಯನ್ನು ಬಿಚ್ಚಿ ಜೋಡಿಸುವುದು ಪ್ರೊಸೆಸರಿನ ಕೆಲಸ. ದೊಡ್ಡವರ ಆಟವಾದ 'ಜಿಟಿಎ ಆನ್‌ಲೈನ್' ತೆರೆಯಲು ಹಲವು ನಿಮಿಷ ಹಿಡಿಯುತ್ತಿತ್ತು. 2021ರಲ್ಲಿ ಆಟಗಾರನೊಬ್ಬ ಕಾರಣ ಪತ್ತೆಮಾಡಿದ: 10 ಮೆಗಾಬೈಟಿನ ಪಟ್ಟಿಯೊಂದನ್ನು ಪ್ರೋಗ್ರಾಂ ಮತ್ತೆ ಮತ್ತೆ ಎಣಿಸುತ್ತಿತ್ತು. ಅದನ್ನು ತಿದ್ದಿದಾಗ, ಡಿಸ್ಕ್ ಬದಲಿಸದೆಯೇ, ಅವನ 6 ನಿಮಿಷದ ಕಾಯುವಿಕೆ 2 ನಿಮಿಷಕ್ಕೂ ಕಡಿಮೆಯಾಯಿತು. ಕಂಪನಿಯೂ ತಪ್ಪನ್ನು ಒಪ್ಪಿ ಸರಿಪಡಿಸಿತು.

ಮಗ ಹೊಸ ಡಿಸ್ಕಿಗೆ ಹಟ ಹಿಡಿದಾಗ ಹಣ ತೆಗೆಯುವ ಮುನ್ನ ಅವನ ಜೊತೆ ಕುಳಿತು ಒಂದು ಪ್ರಯೋಗ ಮಾಡಿ. ಆಟ ಲೋಡ್ ಆಗುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಶೇ. 100 ದುಡಿಯುತ್ತಿದ್ದರೆ ಎಸ್‌ಎಸ್‌ಡಿ ಫಲ ಕೊಟ್ಟೀತು. ಡಿಸ್ಕ್ ಸುಮ್ಮನಿದ್ದರೆ? ತಡ ಲಾರಿಯದಲ್ಲ, ಮಿಲ್ಲಿನದು.