ಮರ ಹತ್ತುವವರ ಕೈಗೆ ಯಾವ ಗರಗಸ?

ನರಸಾಪುರದ ಹುಣಸೆಯಾಗಲಿ, ಶ್ರೀನಿವಾಸಪುರದ ಹಳೇ ಮಾವಾಗಲಿ, ಮೇಲಿನ ಕೊಂಬೆ ಕೊಯ್ಯೋಕೆ ನೀಲಗಿರಿ ಉರುಳಿಸುವ ದೊಡ್ಡ ಚೈನ್ ಸಾ ಹೊತ್ತು ಹತ್ತಬೇಡಿ. ಮರದ ಮೇಲಿನ ಕೆಲಸಕ್ಕೇ ಬೇರೆ ಗರಗಸ ಇದೆ. ಅದರ ಹಿಡಿ ಎಂಜಿನ್‌ನ ನೆತ್ತಿಯ ಮೇಲಿರುತ್ತೆ.

ಸ್ಟಿಲ್ ಎಂಎಸ್ 201 ಟಿಸಿ-ಎಂ: 35.2 ಸಿಸಿ, 3.7 ಕಿಲೋ. ಹಸ್ಕ್‌ವರ್ನಾ ಟಿ540 ಎಕ್ಸ್‌ಪಿ: 37.7 ಸಿಸಿ, 3.9 ಕಿಲೋ. ಎಕೋ 2511: 25 ಸಿಸಿ, ಬರೀ 2.3 ಕಿಲೋ. ಬಾರ್, ಚೈನು, ಪೆಟ್ರೋಲಿನ ಭಾರ ಬೇರೆ. ಮಾವಿನ ಕೊಂಬೆ ಸವರೋಕೆ ನಾನಾದರೆ ಎಕೋ ಹಿಡೀತೀನಿ. ಹುಣಸೆಯ ದಪ್ಪ ಕೊಂಬೆಗೆ ಮೊದಲಿನ ಎರಡರಲ್ಲೊಂದು ಬೇಕು.

ಈಗ ಮುಖ್ಯ ಮಾತು. ಹಿಡಿ ಮೇಲಿದೆ ಅಂತ ಒಂಟಿ ಕೈಲಿ ಕೊಯ್ಯಬೇಡಿ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಚಿಮ್ಮುತ್ತೆ. ಎರಡೂ ಕೈ ಬಿಗಿಯಾಗಿದ್ದರೆ ಮಾತ್ರ ತಡೆಯೋಕಾಗೋದು. ಚೈನು ತಗುಲಿದರೆ ಹಗ್ಗ ದಾರದ ಹಾಗೆ ತುಂಡಾಗುತ್ತೆ. ಅದಕ್ಕೇ ಕೊಯ್ಯುವಾಗ ಹತ್ತುವ ಹಗ್ಗದ ಜೊತೆ, ಒಳಗೆ ಉಕ್ಕಿನ ತಂತಿಯಿರುವ ಇನ್ನೊಂದು ಹಗ್ಗವೂ ಸೊಂಟಕ್ಕಿರಲಿ. ಜಾಗ ಬದಲಿಸುವ ಮುನ್ನ ಚೈನ್ ಬ್ರೇಕ್ ಹಾಕಿ.

ಪಕ್ಕದಲ್ಲಿ ಕರೆಂಟ್ ತಂತಿ ಇದ್ದರೆ, ಬೆಸ್ಕಾಂನವರಿಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೇ ಮರ ಹತ್ತಿ.