ನ್ಯೇರಿಯ ಬೋರ್ಡಿಂಗ್ ಶಾಲೆಯಲ್ಲೊಂದು ಮರದ ಬಿಲ್ಲೆ

ಕಬ್ಬಿಣದ ಟ್ರಂಕಿನ ತಳದಿಂದ, ಮಡಿಸಿಟ್ಟ ಸ್ವೆಟರುಗಳ ಕೆಳಗಿಂದ ಆ ಹುಡುಗಿ ಹೊರತೆಗೆದದ್ದು ಒಂದು ಮರದ ಬಿಲ್ಲೆ. ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಮೇಲಂಚಿನಲ್ಲೊಂದು ತೂತು, ತೂತಿಗೆ ಪೋಣಿಸಿದ ಕತ್ತಾಳೆ ನಾರಿನ ದಾರ. ಎಷ್ಟೋ ಮಕ್ಕಳ ಕೈಯಲ್ಲಿ ಸವೆದು ಅಂಚೆಲ್ಲ ನುಣುಪಾಗಿತ್ತು. ಕೆನ್ಯಾದ ವಂಗಾರಿ ಮಾಥಾಯ್ ಅವರ ಆತ್ಮಕಥೆಯಲ್ಲೂ ಲೇಖಕ ಗೂಗಿ ವಾ ಥಿಯಾಂಗೊ ಅವರ ಪ್ರಬಂಧಗಳಲ್ಲೂ ಓದಿದ್ದ ವಸ್ತು ಇದು. ಹದಿನೈದರ ಹುಡುಗಿಯೊಬ್ಬಳ ಅಂಗೈ ಮೇಲೆ ಅದನ್ನು ಕಂಡೇನೆಂದು ನಾನು ಎಣಿಸಿರಲಿಲ್ಲ. "ಡಿಸ್ಕ್, ಮೇಡಂ. ನನ್ನ ಪ್ರೈಮರಿ ಶಾಲೆಯದು. ಕೊನೆಯ ದಿನ ನನ್ನ ಹತ್ತಿರವೇ ಉಳಿಯಿತು, ಯಾರಿಗೂ ದಾಟಿಸಲಿಲ್ಲ" ಎಂದಳು.

ಕೆನ್ಯಾದ ನ್ಯೇರಿ ಸೀಮೆಯ ಶಾಲೆ ಅದು. ಕ್ಯಾಥೊಲಿಕ್ ಸಿಸ್ಟರುಗಳು ನಡೆಸುವ, ಹುಡುಗಿಯರಿಗಷ್ಟೇ ಇರುವ ಬೋರ್ಡಿಂಗ್ ಶಾಲೆ. ಹುಡುಗಿಯರ ಮಾತು ಬರೆಯುವುದಾದರೆ ಶಾಲೆಯ ಹೆಸರು ಬೇಡ ಎಂದು ಮುಖ್ಯಸ್ಥೆ ಸಿಸ್ಟರ್ ಕೇಳಿಕೊಂಡರು. ನ್ಯಾಯವಾದ ಮಾತು, ಬರೆಯುವುದಿಲ್ಲ. ಒಂದು ಕಡೆ ಅಬರ್ಡೇರ್ ಬೆಟ್ಟಸಾಲು, ಇನ್ನೊಂದು ಕಡೆ ಮೋಡ ಸರಿದಾಗ ಮಾತ್ರ ಮುಖ ತೋರಿಸುವ 5,199 ಮೀಟರಿನ ಕೆನ್ಯಾ ಪರ್ವತ. ನೈರೋಬಿಯಿಂದ ಮಟಾಟು ವ್ಯಾನಿನಲ್ಲಿ ಸಂತೆಯೂರಿನವರೆಗೆ, ಅಲ್ಲಿಂದ ಬಾಡಿಗೆ ಬೈಕಿನ ಹಿಂದೆ ಕೂತು ಕೆಮ್ಮಣ್ಣಿನ ಏರು ಹತ್ತಬೇಕು. ಸಮಭಾಜಕ ವೃತ್ತ ಹತ್ತಿರದಲ್ಲೇ ಹಾದುಹೋಗುತ್ತದೆ, ಆದರೂ ಬೆಳಗಿನ ಚಳಿಗೆ ಹಲ್ಲು ಕಟಕಟಿಸುತ್ತದೆ. ಎಲ್ಲ ಹುಡುಗಿಯರದ್ದೂ ಗಿಡ್ಡ ಕತ್ತರಿಸಿದ ಕೂದಲು, ಮೈಮೇಲೆ ದಪ್ಪ ಸ್ವೆಟರು. ಬೆಳಕು ಹರಿಯುವ ಮೊದಲೇ ಗಂಟೆ. ತಣ್ಣೀರಿನ ಮುಖಮಜ್ಜನ, ನೆಲ ಒರೆಸುವ ಸರದಿ, ಆಮೇಲೆ ಓದು. ಮಧ್ಯಾಹ್ನ ಮುಸುಕಿನ ಜೋಳದ ಕಾಳು ಮತ್ತು ಬೀನ್ಸ್ ಒಟ್ಟಿಗೆ ಬೇಯಿಸಿದ ಗಿಥೇರಿ. ರಾತ್ರಿ ಉಗಾಲಿ, ಜೊತೆಗೆ ಸುಕುಮಾ ವಿಕಿ ಸೊಪ್ಪಿನ ಪಲ್ಯ. ಮುದ್ದೆ ಉಂಡು ಬೆಳೆದವರಿಗೆ ಉಗಾಲಿಯ ಪರಿಚಯ ಮಾಡಿಸಬೇಕಿಲ್ಲ. ಕೈಯಲ್ಲಿ ಮುರಿದು ಪಲ್ಯಕ್ಕೆ ಅದ್ದಿದ್ದನ್ನು ಕಂಡು ಪಕ್ಕದ ಮೇಜಿನ ಹುಡುಗಿಯರು ಚಪ್ಪಾಳೆ ತಟ್ಟಿದರು.

ನನ್ನನ್ನು ಸಿಸ್ಟರ್ ಮೊದಲು ಕರೆದೊಯ್ದದ್ದು ಚಾಪೆಲ್‌ಗಲ್ಲ, ಪ್ರಯೋಗಾಲಯಕ್ಕೆ. ಅದು ನನಗೆ ತುಂಬ ಹಿಡಿಸಿತು. ಹುಡುಗಿಯರು ಬ್ಯೂರೆಟ್ಟಿನ ನಲ್ಲಿ ತಿರುಗಿಸುತ್ತ, ದ್ರಾವಣ ಬಣ್ಣ ತಿರುಗುವ ಆ ಒಂದು ಹನಿಗಾಗಿ ಉಸಿರು ಹಿಡಿದು ನಿಂತಿದ್ದರು. ನನ್ನಲ್ಲಿ ಕ್ರೈಸ್ತ ಸನ್ಯಾಸಿನಿಯರ ಶಾಲೆಗಳ ಬಗ್ಗೆ ಪ್ರೀತಿಯೂ ಇದೆ, ತಕರಾರೂ ಇದೆ. ಪ್ರೀತಿಗೆ ಕಾರಣ ಇಂಥ ಕೋಣೆಗಳು. ಹೆಣ್ಣುಮಕ್ಕಳಿಗೆ ಹೊಲಿಗೆ, ಅಡುಗೆ, ಶುಚಿತ್ವ ಕಲಿಸಿದರೆ ಸಾಕು ಎಂದು ಅಪ್ಪಂದಿರೂ ಸರ್ಕಾರವೂ ನಂಬಿದ್ದ ಕಾಲದಲ್ಲಿ ಅವರ ಕೈಗೆ ಪರೀಕ್ಷಾ ನಳಿಕೆ ಕೊಟ್ಟವರು ಹಲವು ಕಡೆ ಈ ಸಿಸ್ಟರುಗಳೇ.

ಅಂಥ ಹುಡುಗಿಯರಲ್ಲಿ ಒಬ್ಬಳು ವಂಗಾರಿ. ಆಕೆಯ ಕಥೆ ಓದುಗರಿಗೆ ಗೊತ್ತಿರುವುದೇ: 1977ರಲ್ಲಿ ಗ್ರೀನ್ ಬೆಲ್ಟ್ ಚಳವಳಿ, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ, ಆ ಹೊತ್ತಿಗೆ ಹಳ್ಳಿಯ ಹೆಂಗಸರು ನೆಟ್ಟ ಮೂರು ಕೋಟಿ ಮರಗಳು. ಆಕೆ ಹುಟ್ಟಿದ ಇಹಿಥೆ ಇದೇ ನ್ಯೇರಿಯಲ್ಲಿದೆ. ನಮ್ಮ ಹಾಗೆ ವಂಗಾರಿ ಯಾಕೆ ಶಾಲೆಗೆ ಬರುವುದಿಲ್ಲ ಎಂದು ಅಣ್ಣ ತಾಯಿಯನ್ನು ಕೇಳಿದ್ದರಿಂದ ಆಕೆಗೆ ಶಾಲೆ ಸಿಕ್ಕಿತು. ಹನ್ನೊಂದನೇ ವಯಸ್ಸಿಗೆ ಮಾಥಾರಿ ಮಿಷನ್ನಿನ ಸೇಂಟ್ ಸಿಸಿಲಿಯಾ ಬೋರ್ಡಿಂಗ್ ಶಾಲೆ ಸೇರಿದಳು. ಅದನ್ನು ನಡೆಸುತ್ತಿದ್ದವರು ಇಟಲಿಯ ಟ್ಯೂರಿನ್ ಮೂಲದ ಕನ್ಸೊಲಾಟಾ ಸಿಸ್ಟರುಗಳು. 1956ರಲ್ಲಿ ತರಗತಿಗೇ ಮೊದಲಿಗಳಾಗಿ ಲಿಮುರುವಿನ ಲೊರೆಟೊ ಶಾಲೆಗೆ ಹೋದಳು. ಆಗ ಕೆನ್ಯಾದಲ್ಲಿ ಹುಡುಗಿಯರಿಗಿದ್ದ ಏಕೈಕ ಕ್ಯಾಥೊಲಿಕ್ ಹೈಸ್ಕೂಲು ಅದು. ಲೊರೆಟೊದವರು ಐರ್ಲೆಂಡಿನ ಸಿಸ್ಟರುಗಳು. 1841ರಲ್ಲಿ ಕಲ್ಕತ್ತೆಗೆ ಹಡಗು ಹತ್ತಿದವರು, 1921ರಲ್ಲಿ ನೈರೋಬಿಗೆ ಬಂದವರು. ಮದರ್ ತೆರೇಸಾ ತಮ್ಮದೇ ಸಭೆ ಕಟ್ಟುವ ಮೊದಲು ಕಲ್ಕತ್ತೆಯಲ್ಲಿ ಪಾಠ ಹೇಳಿದ್ದು ಇದೇ ಲೊರೆಟೊದವರ ಶಾಲೆಯಲ್ಲಿ. ಲಿಮುರುವಿನಲ್ಲಿ ವಂಗಾರಿಗೆ ವಿಜ್ಞಾನದ ಹುಚ್ಚು ಹಿಡಿಯಿತು. 1959ರಲ್ಲಿ ಹೈಸ್ಕೂಲು ಮುಗಿಸಿ, ಮರುವರ್ಷ ಸುಮಾರು 300 ಕೆನ್ಯಾ ವಿದ್ಯಾರ್ಥಿಗಳ ಜೊತೆ ವಿಮಾನದಲ್ಲಿ ಅಮೆರಿಕಕ್ಕೆ. 1971ರಲ್ಲಿ ಪಿಎಚ್‌ಡಿ. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಆ ಪದವಿ ಪಡೆದ ಮೊದಲ ಹೆಂಗಸು.

ಇಷ್ಟೆಲ್ಲ ಕೊಟ್ಟ ಶಾಲೆಯೇ ಬಿಲ್ಲೆಯನ್ನೂ ಕೊಟ್ಟಿತ್ತು. ಸೇಂಟ್ ಸಿಸಿಲಿಯಾದಲ್ಲಿ ಅದರ ಹೆಸರು ಮಾನಿಟರ್. ಇಂಗ್ಲಿಷ್ ಬಿಟ್ಟು ತಾಯಿನುಡಿ ಆಡಿದವಳ ಕೈಗೆ ಬಿಲ್ಲೆ. ಅವಳು ಅದನ್ನು ಕಳಚಿಕೊಳ್ಳಬೇಕಾದರೆ ಬೇರೊಬ್ಬಳು ಈ ಸೀಮೆಯ ನುಡಿಯಾದ ಕಿಕುಯು ಆಡುವುದನ್ನು ಹಿಡಿಯಬೇಕು. ಸಂಜೆ ಬಿಲ್ಲೆ ಯಾರ ಹತ್ತಿರ ಉಳಿಯುತ್ತದೋ ಅವಳಿಗೆ ಕಸ ಗುಡಿಸುವುದೋ ಹುಲ್ಲು ಕೊಯ್ಯುವುದೋ ಶಿಕ್ಷೆ. ಶಿಕ್ಷೆ ಚಿಕ್ಕದು, ಆದರೆ ಅದರ ಯಂತ್ರವನ್ನು ನೋಡಿ. ಮೇಷ್ಟರು ಬೆನ್ನು ಹತ್ತಬೇಕಾಗಿಲ್ಲ. ಗೆಳತಿಯೇ ಗೆಳತಿಯ ಬಾಯಿ ಕಾಯುತ್ತಾಳೆ. ಗೂಗಿ ಓದಿದ ಶಾಲೆಯಲ್ಲಿ ಇದಕ್ಕೆ ಬೆತ್ತದೇಟೂ ಸೇರಿತ್ತು. ನಾನು ಕತ್ತೆ ಎಂದು ಬರೆದ ಲೋಹದ ತಗಡನ್ನು ಕೊರಳಿಗೆ ಹಾಕುತ್ತಿದ್ದರಂತೆ. ಗೂಗಿ ಕೂಡ ಲಿಮುರುವಿನ ಮಗುವೇ.

ಈ ಬಿಲ್ಲೆಯ ಜಾಡು ಹಿಡಿದು ಹೊರಟರೆ ಆಫ್ರಿಕಾ ದಾಟಬೇಕಾಗುತ್ತದೆ. 19ನೇ ಶತಮಾನದ ವೇಲ್ಸ್ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ತೂಗುಹಾಕುತ್ತಿದ್ದರು. ಅಲ್ಲೂ ಅದು ಮಗುವಿನಿಂದ ಮಗುವಿಗೆ ದಾಟುತ್ತಿತ್ತು, ದಿನದ ಕೊನೆಗೆ ಹೊತ್ತವನಿಗೆ ಪೆಟ್ಟು. ಫ್ರಾನ್ಸಿನ ಬ್ರಿಟನಿಯಲ್ಲಿ ಬ್ರೆಟನ್ ಆಡಿದವರ ಕೊರಳಿಗೆ ಮರದ ಪಾದುಕೆ. ಅದೇ ಪದ್ಧತಿಯನ್ನು ಫ್ರೆಂಚರು ಪಶ್ಚಿಮ ಆಫ್ರಿಕಾಕ್ಕೆ ಹೊತ್ತೊಯ್ದರು. ಇನ್ನು ಐರ್ಲೆಂಡ್. ಅಲ್ಲಿ ಮಗುವಿನ ಕೊರಳಿಗೊಂದು ಕೋಲು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೊಂದು ಕಚ್ಚು ಹಾಕುತ್ತಿದ್ದರು. ಸಂಜೆ ಕಚ್ಚು ಎಣಿಸಿ ಏಟು. ನನ್ನನ್ನು ಕಾಡುವುದು ಇದು. ಐರ್ಲೆಂಡಿನಿಂದ ಕೆನ್ಯಾಕ್ಕೆ ಬಂದ ಸಿಸ್ಟರುಗಳಲ್ಲಿ ಕೆಲವರ ಅಜ್ಜ ಅಜ್ಜಿಯರಾದರೂ ಆ ಕೋಲು ಕಟ್ಟಿಸಿಕೊಂಡವರಾಗಿದ್ದಿರಬೇಡವೆ? ಸ್ವಂತ ನುಡಿ ಕಳೆದುಕೊಂಡ ಸೀಮೆಗಳಿಂದ ಬಂದವರು ಇನ್ನೊಂದು ಸೀಮೆಯಲ್ಲಿ ಇಂಗ್ಲಿಷ್ ಕಲಿಸಲು ನಿಂತರು, ಅದೂ ನಿಜವಾದ ಮಮತೆಯಿಂದ. ಕನ್ನಡನಾಡಿನಲ್ಲಿ ಕಾನ್ವೆಂಟ್ ಓದಿದವರನ್ನು ಕೇಳಿ ನೋಡಿ, ಕನ್ನಡ ಆಡಿದ್ದಕ್ಕೆ ದಂಡ ಕಟ್ಟಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ನಾಲ್ಕಾಣೆ ದಂಡವೂ ಈ ಬಿಲ್ಲೆಯ ತಂಗಿಯೇ.

ಡಾರ್ಮಿಟರಿಯಲ್ಲಿ ಇದರ ಸುತ್ತ ದೊಡ್ಡ ವಾದವೇ ಎದ್ದಿತು. ಬಿಲ್ಲೆ ಇಟ್ಟುಕೊಂಡ ಹುಡುಗಿಗೆ ಸಿಟ್ಟಿತ್ತು: "ನಮ್ಮಜ್ಜಿ ಸಂಜೆ ಹೇಳಿದ್ದನ್ನು ಬೆಳಿಗ್ಗೆ ಶಾಲೆಯಲ್ಲಿ ಹೇಳಿದರೆ ಅಪರಾಧ ಹೇಗಾಗುತ್ತದೆ ಮೇಡಂ?" ಪಕ್ಕದ ಮಂಚದವಳು ಒಪ್ಪಲಿಲ್ಲ. ಡಿಸ್ಕ್ ಇಲ್ಲದಿದ್ದರೆ ನನಗೆ ಇಂಗ್ಲಿಷೇ ಬರುತ್ತಿರಲಿಲ್ಲ, ಇಂಗ್ಲಿಷ್ ಬರದಿದ್ದರೆ ಈ ಶಾಲೆಗೆ ಸೀಟೂ ಸಿಗುತ್ತಿರಲಿಲ್ಲ ಎಂದಳು. ಸಿಸ್ಟರ್ ಸ್ವತಃ ಕಿಕುಯು ಮನೆತನದವರು. "ಇಲ್ಲಿ ಲುವೊ ಹುಡುಗಿಯರಿದ್ದಾರೆ, ಕಾಂಬಾ ಇದ್ದಾರೆ, ಕಲೆಂಜಿನ್ ಇದ್ದಾರೆ. ಊಟದ ಮೇಜಿನಲ್ಲಿ ಕಿಕುಯು ಮಾತ್ರ ನಡೆದರೆ ಕಿಸುಮುವಿನಿಂದ ಬಂದ ಲುವೊ ಮಗು ಒಂಟಿಯಾಗುತ್ತದೆ" ಎಂದರು. ಆ ಮಾತಿನ ತೂಕವನ್ನು ನಾನು ಅಲ್ಲಗಳೆಯಲಾರೆ. ಆದರೆ ಎಲ್ಲರಿಗೂ ಒಂದು ಸಾಮಾನ್ಯ ಭಾಷೆ ಬೇಕು ಎನ್ನುವುದಕ್ಕೂ, ಮನೆಯ ಭಾಷೆ ಆಡಿದ್ದಕ್ಕೆ ನಾಚಬೇಕು ಎನ್ನುವುದಕ್ಕೂ ನಡುವೆ ದೂರವಿದೆ. ಮೊದಲನೆಯದಕ್ಕೆ ಒಳ್ಳೆಯ ಮೇಷ್ಟರು ಸಾಕು, ಬಿಲ್ಲೆ ಬೇಕಾಗಿಲ್ಲ. ಹಾಗೆಂದು ಅವರಿಗೂ ಹೇಳಿದೆ. ಸಿಸ್ಟರ್ ಸುಮ್ಮನೆ ಕೇಳಿಸಿಕೊಂಡು, ಈ ಶಾಲೆಯೊಳಗೆ ಬಿಲ್ಲೆ ಇಲ್ಲ ಎಂದಷ್ಟೇ ಹೇಳಿದರು.

ಗೋಡೆಯೊಳಗಿನ ಬದುಕಿಗೆ ಇನ್ನೊಂದು ಮುಖವಿದೆ. 1952ರ ಅಕ್ಟೋಬರಿನಲ್ಲಿ ಬ್ರಿಟಿಷರು ತುರ್ತುಸ್ಥಿತಿ ಸಾರಿದಾಗ ನ್ಯೇರಿ ಅವರ ವಿರುದ್ಧದ ಮೌ ಮೌ ಹೋರಾಟದ ನಡುಮನೆ. ವಂಗಾರಿಯ ತಾಯಿಯನ್ನೂ ಸೇರಿಸಿ ಊರಿನವರನ್ನೆಲ್ಲ ಒಕ್ಕಲೆಬ್ಬಿಸಿ ಕಾವಲಿನ ಹಳ್ಳಿಗಳಿಗೆ ತುಂಬಿದರು. ಬೋರ್ಡಿಂಗ್ ಶಾಲೆ ಹುಡುಗಿಯನ್ನು ಆ ಹಿಂಸೆಯಿಂದ ಕಾಪಾಡಿತು. ಆದರೆ ಅದೇ ಶಾಲೆಯಲ್ಲಿ ಅವಳೂ ಗೆಳತಿಯರೂ ಮೌ ಮೌ ಹೋರಾಟಗಾರರು ಸೆರೆ ಸಿಕ್ಕಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದರು. ತಮ್ಮ ಬಿಡುಗಡೆಗೆ ಕಾದಾಡುವವರ ವಿರುದ್ಧ ಮಕ್ಕಳು ಕೈಮುಗಿದು ಕೂತದ್ದು ಓದಿದಾಗ ನನಗೆ ಪುಸ್ತಕ ಮುಂದೆ ಹೋಗಲಿಲ್ಲ. ಅಲ್ಲಿ ಅವಳು ಕ್ಯಾಥೊಲಿಕ್ ಆಗಿ ಮೇರಿ ಜೋಸೆಫೀನ್ ಎಂಬ ಹೆಸರನ್ನೂ ಪಡೆದಳು. ಮುಂದೆ ಆ ಹೆಸರು ಬಿಟ್ಟು ಮತ್ತೆ ವಂಗಾರಿಯೇ ಆದಳು.

ಚಾಪೆಲ್‌ಗೂ ಹೋದೆ, ಸಂಜೆ ಹೊತ್ತಿಗೆ. ವಂಗಾರಿಯ ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಕಿಕುಯು ಆಡಿದರೆ ಶಿಕ್ಷೆ, ಇಂಗ್ಲಿಷ್ ಕಲಿತರೆ ಮೆಚ್ಚುಗೆ, ದೇವರ ಮುಂದೆ ಮಾತ್ರ ಮಕ್ಕಳ ಮನೆಯದ್ದೂ ಅಲ್ಲದ, ಶಾಲೆಯದ್ದೂ ಅಲ್ಲದ ಮೂರನೆಯ ನುಡಿ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಗೆ ಪೂಜೆಯಲ್ಲಿ ಬಾಗಿಲು ತೆರೆಯಿತು. ಕರ್ನಾಟಕದ ಇಗರ್ಜಿಗಳಲ್ಲಿ ಕನ್ನಡ, ಕೊಂಕಣಿ ಪೂಜೆ ಕೇಳಿಸುವುದೂ ಆ ತೀರ್ಮಾನದಿಂದಲೇ. ಇಲ್ಲಿ ಹುಡುಗಿಯರು ಸ್ವಾಹಿಲಿಯಲ್ಲಿ ಹಾಡಿದರು. ಡೋಲು ಬಾರಿಸುವವಳೊಬ್ಬಳು, ದಂಟಿನ ಚಪ್ಪಟೆ ಪೆಟ್ಟಿಗೆಯೊಳಗೆ ಕಾಳು ತುಂಬಿದ ಕಯಾಂಬಾ ಅಲ್ಲಾಡಿಸುವವರು ಮೂರು ಜನ. ಬೆಂಚುಗಳ ನಡುವೆ ಕಾಲು ತಾನಾಗಿ ಕುಣಿಯುತ್ತದೆ. ಬಲಿಪೀಠವೇ ಜನರ ನುಡಿಯನ್ನು ಒಪ್ಪಿಕೊಂಡ ಮೇಲೆ ಎಷ್ಟೋ ತರಗತಿಗಳು ಇನ್ನೂ ಹಟ ಬಿಡದಿರುವುದು ನನಗೆ ಅರ್ಥವಾಗುವುದಿಲ್ಲ.

ಇಹಿಥೆಯಲ್ಲಿ ವಂಗಾರಿಯ ಮನೆಯ ಹತ್ತಿರ ಒಂದು ಮುಗುಮೊ ಮರವಿತ್ತು. ನಮ್ಮ ಆಲ, ಅತ್ತಿ, ಅರಳಿಗಳ ಕುಲದ್ದು. ಅದು ದೇವರ ಮರ, ಅದರ ಪುಳ್ಳೆ ಆರಿಸಬೇಡ ಎಂದು ತಾಯಿ ಹೇಳಿದ್ದರು. ಅದರ ಬಳಿ ಒಂದು ತೊರೆ ಹುಟ್ಟುತ್ತಿತ್ತು. ಬಾಲಕಿ ವಂಗಾರಿ ಆ ನೀರಿನಲ್ಲಿ ಕಪ್ಪೆಯ ಮೊಟ್ಟೆಗಳನ್ನು ಮಣಿಸರವೆಂದು ಎತ್ತಿಕೊಳ್ಳಲು ಹೋಗುತ್ತಿದ್ದಳು. ಅಮೆರಿಕದಿಂದ ಮರಳಿದ ಮೇಲೆ ಒಮ್ಮೆ ಊರಿಗೆ ಹೋದರೆ ಮರವೇ ಇರಲಿಲ್ಲ. ಜಮೀನಿನ ಹೊಸ ಒಡೆಯ ಟೀ ಗಿಡ ಹಾಕಲು ಕಡಿಸಿದ್ದ. ತೊರೆಯೂ ಬತ್ತಿತ್ತು. ಆಳಕ್ಕಿಳಿದ ಬೇರು ಬಂಡೆ ಸೀಳಿ ಅಂತರ್ಜಲಕ್ಕೆ ದಾರಿ ಮಾಡುತ್ತದೆ, ಮಣ್ಣನ್ನು ಕಟ್ಟಿಹಿಡಿಯುತ್ತದೆ ಎಂಬ ವಿವರಣೆ ಕೊಡಲು ಜೀವವಿಜ್ಞಾನ ಬೇಕಾಯಿತು. ಆದರೆ ಆ ಮರವನ್ನು ಅಷ್ಟು ಕಾಲ ಉಳಿಸಿದ್ದು ತಾಯಿ ಕಿಕುಯುವಿನಲ್ಲಿ ಹೇಳಿದ ಮಾತು. ಸಿಸ್ಟರುಗಳ ಪ್ರಯೋಗಾಲಯ ಇಲ್ಲದೆ ವಂಗಾರಿ ಇಲ್ಲ, ಬಿಲ್ಲೆ ಅಡಗಿಸಲು ನೋಡಿದ ನುಡಿ ಇಲ್ಲದೆಯೂ ಇಲ್ಲ.

1977 ವಿಚಿತ್ರವಾದ ವರ್ಷ. ಜೂನ್ 5ರಂದು ನೈರೋಬಿಯಲ್ಲಿ ವಂಗಾರಿ ಏಳು ಸಸಿ ನೆಟ್ಟು ಚಳವಳಿಗೆ ನಾಂದಿ ಹಾಡಿದರು. ಮುಂದೆ ಅದು ಓದುಬರಹ ಬಾರದ ಹೆಂಗಸರನ್ನೇ ಸಸಿಮಡಿಗಳ ಪರಿಣತರನ್ನಾಗಿ ಮಾಡಿತು. ಅದೇ ವರ್ಷ ಲಿಮುರುವಿನ ಕಮಿರಿಥು ಹಳ್ಳಿಯಲ್ಲಿ ಗೂಗಿ ರೈತರನ್ನೂ ಕಾರ್ಮಿಕರನ್ನೂ ಕಟ್ಟಿಕೊಂಡು ಕಿಕುಯು ನಾಟಕ ಆಡಿಸಿದರು. ಸರ್ಕಾರ ನಾಟಕವನ್ನು ನಿಷೇಧಿಸಿ ಡಿಸೆಂಬರ್ 31ರಂದು ಅವರನ್ನು ಬಂಧಿಸಿತು. ಸೆರೆಮನೆಯಲ್ಲಿ ಶೌಚದ ಕಾಗದದ ಮೇಲೆ ಅವರು ಬರೆದ ಕಾದಂಬರಿಯೂ ಕಿಕುಯುವಿನಲ್ಲೇ. ಬಿಲ್ಲೆ ಕಂಡು ಬೆಳೆದ ಇಬ್ಬರು ಒಂದೇ ವರ್ಷ, ಒಬ್ಬರು ಸಸಿ ಹಿಡಿದು, ಇನ್ನೊಬ್ಬರು ನಾಟಕ ಹಿಡಿದು, ಊರಿನ ಮಾತಿಗೆ ಮರಳಿದ್ದರು.

ನಾನು ಹೊರಡುವ ಮುನ್ನ ಹಜಾರದಲ್ಲಿ ಸಂಗೀತೋತ್ಸವದ ತಾಲೀಮು ನಡೆದಿತ್ತು. ಕೆನ್ಯಾದ ಶಾಲೆಗಳಿಗೆ ಈ ಉತ್ಸವವೆಂದರೆ ಪ್ರಾಣ. ಅಲ್ಲಿ ಬೇರೆ ಬೇರೆ ಬುಡಕಟ್ಟುಗಳ ಜನಪದ ಹಾಡುಗಳಿಗೂ ಸ್ಪರ್ಧೆ ಇರುತ್ತದೆ. ಈ ಸಲ ಇವರು ಆರಿಸಿಕೊಂಡದ್ದು ಲುವೊ ಹಾಡು. ಹಾಡುವವರಲ್ಲಿ ಹೆಚ್ಚಿನವರು ಕಿಕುಯು ಹುಡುಗಿಯರು, ಕಲಿಸುತ್ತಿದ್ದವಳು ಕಿಸುಮು ಕಡೆಯ ಒಬ್ಬ ಸಣ್ಣ ಹುಡುಗಿ. ಎರಡನೇ ಸಾಲಿಗೇ ಕೈ ಎತ್ತಿ ನಿಲ್ಲಿಸಿದಳು. ಉಚ್ಚಾರ ಸರಿಯಿಲ್ಲ, ಮತ್ತೆ ಹೇಳಿ ಎಂದಳು. ಅವಳಿಗಿಂತ ಎರಡು ತರಗತಿ ಮೇಲಿನವರೂ ತಲೆಯಾಡಿಸಿ ಮೊದಲಿನಿಂದ ಶುರುಮಾಡಿದರು. ಮತ್ತೆ ನಿಲ್ಲಿಸಿದಳು.